ಉಂಡವರು ಯಾರು?

ಮುದ್ರಣಾಲಯದಲ್ಲಿ ಅವಳಿಗೆ ಅನುಮಾನದಮ್ಮ ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಕರೆಯುತ್ತಾರೆಂದು ಅವಳಿಗೇ ಅನುಮಾನವಿತ್ತು. ಹತ್ತೊಂಬತ್ತು ವರ್ಷದಿಂದ ಕರಡು ತಿದ್ದುವ ಕೆಲಸ. ಅಚ್ಚಿಗೆ ಹೋಗುವ ಪ್ರತಿ ಹಾಳೆಯೂ ಅವಳ ಕೆಂಪು ಪೆನ್ನನ್ನು ದಾಟಿಯೇ ಹೋಗಬೇಕು. ಒತ್ತು, ಕೊಂಬು, ದೀರ್ಘ ಯಾವುದನ್ನೂ ನಂಬುವ ಹೆಂಗಸಲ್ಲ. ಅದರಲ್ಲೂ ‘ತೀರ್ಮಾನವಾಯಿತು’, ‘ಕೆಲಸ ಮುಗಿಯಿತು’ ಎಂಬಂಥ ವಾಕ್ಯ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ತೀರ್ಮಾನಿಸಿದವರು ಯಾರು, ಮುಗಿಸಿದವರು ಯಾರು? ಪಕ್ಕದಲ್ಲಿ ‘ಯಾರು?’ ಎಂದು ಬರೆದು ಎರಡು ಗೆರೆ ಎಳೆಯುವಳು. ನುಣುಚಿಕೊಳ್ಳುವವರಿಗೇ ಇಂಥ ವಾಕ್ಯ ಬೇಕು ಎನ್ನುವಳು. ಸುಳ್ಳೇನಲ್ಲ.

ಇಂಥವಳಿಗೆ ಸಿಕ್ಕ ಗಂಡ ಮಾತಿನಲ್ಲಿ ಮಹಾ ಜಿಪುಣ. ಗೋಡೆಗೆ ಬಣ್ಣ ಬಳಿಯುವವನು; ಅರ್ಧ ಆಯುಷ್ಯ ಏಣಿಯ ಮೇಲೇ ಕಳೆದಿದ್ದ.

ಆ ವರ್ಷ ಮುದ್ರಣಾಲಯ ವಾರಕ್ಕೆ ನಾಲ್ಕೇ ದಿನ ಕೆಲಸ ಕೊಡತೊಡಗಿತು. ಸಂಸಾರ ತೂಗಿಸುವುದು ಕಷ್ಟವಾಯಿತು. ಅದೇ ಹೊತ್ತಿಗೆ ಅವಳಿಗೆ ತಲೆಸುತ್ತು ಶುರು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, “ರಕ್ತ ಕಡಿಮೆ ಇದೆ. ಮಾತ್ರೆ ಜೊತೆಗೆ ಮೊಟ್ಟೆ, ಸೊಪ್ಪು, ಬೇಳೆ ಚೆನ್ನಾಗಿ ತಿನ್ನಿ. ಒಂದು ಹೊತ್ತೂ ಊಟ ಬಿಡಬಾರದು” ಎಂದರು. ಮಾರನೆಯ ದಿನದಿಂದ ಗಂಡ ಬೇಗ ಎದ್ದು ಅವಳ ಡಬ್ಬಿಯನ್ನು ತಾನೇ ಕಟ್ಟತೊಡಗಿದ. ತನ್ನ ಡಬ್ಬಿಯನ್ನು ತೊಳೆದು ಅಟ್ಟದ ಮೇಲಿಟ್ಟ.

“ನಿಮ್ಮ ಊಟ?”

“ಕೆಲಸದ ಮನೇಲೇ ಆಗುತ್ತೆ.”

ಸಂಜೆ ಬಂದಾಗ, “ಊಟ ಆಯ್ತಾ?” ಎಂದರೆ “ಆಯ್ತು.” ರಾತ್ರಿ ತಟ್ಟೆ ಮುಂದೆ ಕೂತರೂ, “ಮಧ್ಯಾಹ್ನದ್ದೇ ಕರಗಿಲ್ಲ ಕಣೇ” ಎಂದು ನಾಲ್ಕು ತುತ್ತಿಗೆ ಕೈ ತೊಳೆಯುವನು.

ಅವಳ ಕಿವಿ ನೆಟ್ಟಗಾಯಿತು. ಇಷ್ಟು ವರ್ಷ ಒಂದು ಲೋಟ ನೀರನ್ನೂ ಕೇಳಿ ಕುಡಿಯಬೇಕಾಗಿದ್ದ ಈ ಕಸುಬಿನಲ್ಲಿ ಈಗ ಕರೆದು ಬಡಿಸುವವರು ಯಾರು? ವಿಚಾರಿಸಿದಳು. ಆ ಮನೆಯಾಕೆ ಸಂಗೀತದ ಟೀಚರಂತೆ, ಒಬ್ಬರೇ ಇರುವುದಂತೆ. ಸರಿಹೋಯಿತು! ಅದರ ಮೇಲೆ, ಮದುವೆಯಾದಾಗಿನಿಂದ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ ಬೆಲ್ಟ್ ಬಿಗಿಯುತ್ತಿದ್ದ ಮನುಷ್ಯ ಈಗ ಅಂಗಿಯನ್ನು ಹೊರಗೆ ಇಳಿಬಿಟ್ಟು ಓಡಾಡುತ್ತಿದ್ದ. ಐವತ್ತರ ಹತ್ತಿರ ಬಂದವನಿಗೆ ಇದೆಂಥ ಷೋಕಿ? ಅಂಗಿ ಮೂಸಿದಳು, ಜೇಬು ತಡಕಿದಳು. ಬಣ್ಣದ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ.

ಒಂದು ಭಾನುವಾರ ಅವನು ಸ್ನಾನಕ್ಕೆ ಹೋದಾಗ ಬಾಗಿಲ ಹಿಂದೆ ನೇತುಹಾಕಿದ್ದ ಬೆಲ್ಟ್ ಕಣ್ಣಿಗೆ ಬಿತ್ತು. ಮೊಳೆ ಹೊಡೆದು ಮಾಡಿದ ಎರಡು ಹೊಸ ತೂತು. ಎರಡೂ ಒಳಗಡೆಗೆ. ಕರೆದು ಬಡಿಸುವ ಮನೆಯಲ್ಲಿ ಉಂಡವನ ಸೊಂಟ ದಪ್ಪವಾಗಬೇಕಲ್ಲ, ಸಣ್ಣಗಾಗುವುದೇಕೆ? ಅನುಮಾನ ಹಾಗೇ ಉಳಿಯಿತು, ಆದರೆ ಅದರ ಮುಖ ಬೇರೆ ಕಡೆ ತಿರುಗಿತು. ಈ ಸಲ ಅವಳಿಗೆ ಭಯವಾಯಿತು.

ಕೆಲಸವಿಲ್ಲದ ದಿನ ನೋಡಿಕೊಂಡು, ಸರಿಯಾಗಿ ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಬಾಗಿಲು ಬಡಿದಳು. ಬಾಗಿಲು ತೆರೆದ ಸಂಗೀತದ ಟೀಚರು ಎಪ್ಪತ್ತು ದಾಟಿದ ಅಜ್ಜಿ.

“ನೀವು ಅವರ ಹೆಂಡತಿನಾ? ದಿನಾ ಊಟಕ್ಕೆ ಕರೀತೀನಮ್ಮ. ಊಟ ಆಯ್ತು ಅಂತಾರೆ. ಮನೇಲೇ ಹೊಟ್ಟೆ ತುಂಬ ಹಾಕಿ ಕಳಿಸ್ತೀರೇನೋ ಅಂದ್ಕೊಂಡೆ.”

ಅವಳು ಒಳಗೆ ನಡೆದಳು. ಗಂಡ ಏಣಿಯ ತುದಿಯಲ್ಲಿ ನಿಂತು ಸೂರಿನ ಮೂಲೆಗೆ ಕುಂಚ ಎಟುಕಿಸುತ್ತಿದ್ದ. ಮೊಣಕಾಲು ಅದುರುತ್ತಿತ್ತು. ಆ ನಡುಕಕ್ಕೆ ಏಣಿ ಗೋಡೆಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು. ಅವಳು ಕೂಗಲಿಲ್ಲ, ಹೋಗಿ ಏಣಿಯ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

“ನಿಧಾನಕ್ಕೆ ಇಳೀರಿ.”

ಇಳಿದ.

“ಊಟ ಆಯ್ತಾ?”

“ಆಯ್ತು.”

“ಯಾರದ್ದು?”

ಅವನು ಕುಂಚವನ್ನೇ ನೋಡುತ್ತ ತೀರಾ ಸಣ್ಣ ದನಿಯಲ್ಲಿ, “ನಿಂದು ಆಯ್ತಲ್ಲ” ಎಂದ.

ಆಗ ಅವಳಿಗೆ ತನ್ನ ಡಬ್ಬಿ ನೆನಪಾಯಿತು. ತಿಂಗಳಿಂದ ದಿನವೂ ಎರಡು ಮೊಟ್ಟೆ, ಒತ್ತಿ ತುಂಬಿದ ಸೊಪ್ಪು, ಗಟ್ಟಿ ಬೇಳೆ. ಊರವರ ವಾಕ್ಯಗಳನ್ನೆಲ್ಲ ಅನುಮಾನಿಸಿದವಳು ಆ ಡಬ್ಬಿಯನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದು, ಅಜ್ಜಿಯ ಎದುರಿಗೇ ಅತ್ತುಬಿಟ್ಟಳು. “ಮೇಲಿಂದ ಬಿದ್ದಿದ್ರೆ? ಆಮೇಲೆ ಯಾವ ಮೊಟ್ಟೆ ನನ್ನ ಗಂಟಲಲ್ಲಿ ಇಳೀತಿತ್ರೀ?” ಅಜ್ಜಿ ಎರಡು ತಟ್ಟೆ ಹಾಕಿದರು.

ಅಂದಿನಿಂದ ಮನೆಯಲ್ಲಿ ಅವಳದೇ ಕಾನೂನು. ಸಂಜೆ ಸಂತೆ ಮುಗಿಯುವ ಹೊತ್ತಿಗೆ ಹೋದರೆ ಬಾಡಿದ ಸೊಪ್ಪು ಅರ್ಧ ಬೆಲೆಗೆ ಸಿಗುತ್ತಿತ್ತು. ನೀರಲ್ಲಿಟ್ಟರೆ ಬೆಳಿಗ್ಗೆಗೆ ಎದ್ದು ಕೂರುತ್ತಿತ್ತು. ಮೊಟ್ಟೆಗೆ ಬದಲು ವಾರಕ್ಕೆ ನಾಲ್ಕು ದಿನ ನೆನೆಹಾಕಿದ ಕಾಳು, ಹುರಿದ ಕಡಲೆಕಾಯಿ. ಅಟ್ಟದ ಡಬ್ಬಿ ಕೆಳಗಿಳಿಯಿತು. ಕಟ್ಟುವವನು ಅವನೇ. ಆದರೆ ಹೊರಡುವಾಗ ಯಾವ ಡಬ್ಬಿ ಯಾರಿಗೆ ಎಂದು ಬಾಗಿಲಲ್ಲಿ ಆರಿಸುವವಳು ಅವಳು. ಒಂದು ವಾರ ಭಾರದ ಡಬ್ಬಿಯೇ ಅವನ ಕೈಗೆ ಹೋಯಿತು. ಎರಡನೆಯ ವಾರಕ್ಕೆ ಎರಡೂ ಸಮ ತೂಗತೊಡಗಿದವು.

ಎರಡು ತಿಂಗಳ ಮೇಲೆ ಒಂದು ಸಂಜೆ ಅವನು ಹೊಸ್ತಿಲು ದಾಟುವಾಗಲೇ, ಅವಳು ಕೇಳುವ ಮೊದಲೇ, “ನಾನು ಊಟ ಮಾಡ್ದೆ” ಎಂದ. ಯಾರು ಎಂದು ಕೇಳುವ ಹಾಗೇ ಇರಲಿಲ್ಲ. ಆದರೂ ಅವಳು ನಂಬಲಿಲ್ಲ. ಹತ್ತಿರ ಹೋಗಿ ಅಂಗಿ ಎತ್ತಿ ಬೆಲ್ಟ್ ನೋಡಿದಳು. ಹೊಸ ತೂತುಗಳೆರಡೂ ಖಾಲಿ ಇದ್ದವು.