ಲಿನ್ ಸಾಹೇಬರ ಅಂಗೈ

ಬೈಲಹೊಂಗಲದ ನಮ್ಮ ಹತ್ತಿ ಮಿಲ್ಲಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಹೊಸ ಜಿನ್ನಿಂಗ್ ಯಂತ್ರ ಕೂಡಿಸಲು ಚೀನಾದಿಂದ ಲಿನ್ ಸಾಹೇಬರು ಬಂದಿದ್ದರು. ನನಗೆ ಇಂಗ್ಲಿಷ್ ಬರುತ್ತದೆಂದು ನಾನೇ ಸುದ್ದಿ ಹಬ್ಬಿಸಿದ್ದರಿಂದ ಮಾಲಕರು ನನ್ನನ್ನೇ ಅವರ ಜೋಡಿ ಹಾಕಿದರು.

ಚೀನಾದವರ ಮಾತಿನಲ್ಲಿ ಕ್ರಿಯಾಪದ ನಿನ್ನೆಗೂ ನಾಳೆಗೂ ಬದಲಾಗುವುದಿಲ್ಲವಂತೆ. ಸಾಹೇಬರ ಇಂಗ್ಲಿಷೂ ಹಾಗೇ. ನಾನು ಯಂತ್ರದ ಹಲ್ಲುಗಳ ನಡುವೆ ಕೈ ಹಾಕುವ ಹೊತ್ತಿಗೆ, “ಐ ಸ್ವಿಚ್ ಆಫ್” ಅಂದರು.

“ಬಂದ್ ಮಾಡೀರೋ, ಮಾಡ್ತೀರೋ? ಯಸ್ಟರ್‌ಡೇ ಆರ್ ಟುಮಾರೋ?”

“ಯೆಸ್,” ಅಂದರು ನಗುತ್ತ.

“ರೊಟ್ಟಿ ಮುರಿಯಾಕ ಬೆರಳ ಬೇಕ್ರಿ ಸಾಹೇಬ್ರ.”

ನಮ್ಮ ಕಡೆ ಒಂದೇ ನಿಯಮ: ಯಂತ್ರದೊಳಗೆ ಯಾರ ಕೈ ಇದೆಯೋ, ಫ್ಯೂಜ್ ಅವರ ಕಿಸೆಯಲ್ಲಿರಬೇಕು. ಬೋರ್ಡಿನಿಂದ ಮೂರೂ ಫ್ಯೂಜ್ ಕಿತ್ತು ಕಿಸೆಗೆ ಹಾಕಿಕೊಂಡು, ಆಮೇಲೆ ಕೈ ಹಾಕಿದೆ. ಸಾಹೇಬರು ಅದನ್ನೆಲ್ಲ ನೋಡುತ್ತಿದ್ದರು.

ನನ್ನ ಕೆಲಸ ಮುಗಿದ ಮೇಲೆ ಯಂತ್ರದ ಕೆಳಗೆ ತೂರುವ ಸರದಿ ಅವರದು. ನನ್ನ ಮುಂದೆ ಅಂಗೈ ಚಾಚಿದರು. ನಾನು ಮುಖ ಬಿಗಿದುಕೊಂಡು ಎರಡೇ ಫ್ಯೂಜ್ ಇಟ್ಟೆ. ಅಂಗೈ ಚಾಚಿಯೇ ಇತ್ತು. ಮೂರನೆಯದನ್ನೂ ಇಟ್ಟ ಮೇಲೆಯೇ ಮಡಚಿದರು.

ಹೆಂಡತಿಯನ್ನು ಬಿಟ್ಟರೆ ನನ್ನನ್ನು ಇಷ್ಟು ಬೇಗ ಅರ್ಥ ಮಾಡಿಕೊಂಡವರು ಅವರೊಬ್ಬರೇ. ಅವಳಿಗಾದರೂ ಕನ್ನಡ ಬರುತ್ತದೆ.