ಮುದ್ದೆಯೊಳಗಿನ ಮೆಂತ್ಯ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಮಂಡ್ಯದಲ್ಲಿ ಮೇಷ್ಟರ ಮಗಳಾಗಿ ಅನ್ನ ಉಂಡು ಬೆಳೆದ ನಾನು ಮದ್ದೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷವಾದರೂ ಈ ವಿದ್ಯೆ ಕೈಹತ್ತಿಲ್ಲ.

ಮಾವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ಡಾಕ್ಟರು ಮಾತ್ರೆ ಬರೆದು, ಜೊತೆಗೆ ಊಟದಲ್ಲಿ ಸ್ವಲ್ಪ ಮೆಂತ್ಯದ ಹಿಟ್ಟು ಬೆರೆಸಿ ಅಂದರು. ಮಾತ್ರೆಗೆ ಮಾವ ತಕರಾರು ಮಾಡಲಿಲ್ಲ. ಮೆಂತ್ಯ ಅಂದದ್ದೇ ತಡ, "ನಾನೇನ್ ಬಾಣಂತಿಯೇನಮ್ಮಾ? ಅದು ಎಂಗಸ್ರು ತಿನ್ನೋದು ಕಣಮ್ಮ" ಅಂದುಬಿಟ್ಟರು. ನಮ್ಮ ಕಡೆ ಮೆಂತ್ಯದ ಮುದ್ದೆ ಹೆತ್ತವಳ ಊಟ.

ನನಗೆ ನಗು ಬರಲಿಲ್ಲ. ಇದೇ ಕಾಯಿಲೆಯನ್ನು ಅಸಡ್ಡೆ ಮಾಡಿ ನನ್ನ ಅಪ್ಪ ಒಂದು ಪಾದ ಕಳೆದುಕೊಂಡಿದ್ದರು. ಇನ್ನೊಮ್ಮೆ ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಹಟಕ್ಕೆ ಬಿದ್ದು, ಮಿಲ್ಲಿಗೆ ಕಳಿಸುವ ರಾಗಿಯೊಳಗೇ ಹುರಿದ ಮೆಂತ್ಯ ಸೇರಿಸಿ ಬೀಸಿಸಿದೆ. ಅತ್ತೆಗೆ ಮಾತ್ರ ಹೇಳಿದ್ದೆ. ನುಂಗುವವರಿಗೆ ಕಹಿ ಎಲ್ಲಿಂದ ತಿಳಿಯಬೇಕು? ವಾಸನೆಯನ್ನು ಉಪ್ಸಾರಿನ ಬೆಳ್ಳುಳ್ಳಿ ಖಾರ ಮುಚ್ಚಿಹಾಕುತ್ತಿತ್ತು. ಮೂರು ವಾರ ಮಾವ ಅದ್ದಿ ಅದ್ದಿ ನುಂಗಿದರು, ನಾನು ಒಳಗೊಳಗೇ ಬೀಗಿದೆ.

ಕೆಟ್ಟದ್ದು ನನ್ನಿಂದಲೇ. ಒಂದು ಮಧ್ಯಾಹ್ನ ಅವರೆದುರು ಉಣ್ಣುತ್ತಾ, ಎಂದಿನಂತೆ ಅಗಿದು, ಕಹಿಗೆ ಮುಖ ಕಿವುಚಿದೆ.

"ಇನ್ನೂ ಅಗೀತೀಯಲ್ಲಮ್ಮಾ, ಅಸ ಮೆಲ್ಕಾಕ್ದಂಗೆ!" ಮಾವ ನಕ್ಕು, ನನ್ನನ್ನು ಅಣಕಿಸಲು ತಾವೂ ಒಂದು ತುತ್ತು ಅಗಿದರು. ದವಡೆ ಅಲ್ಲೇ ನಿಂತಿತು.

"ಮೆಂತ್ಯ ಆಕಿದ್ದೀಯಾ?" ತಟ್ಟೆ ತಳ್ಳಿದರು. "ಹೇಳ್ದೆ ತಿನ್ಸುದ್ರೆ ಅದು ಮೋಸ ಕಣಮ್ಮ."

ಮಾತು ನಿಜವಾಗಿತ್ತು. ಅದಕ್ಕೇ ಅಳು ಬಂತು. "ನಮ್ಮಪ್ಪನ ಕಾಲು..." ಅಂದೆ.

ಅತ್ತೆ ಒಲೆ ಬಿಟ್ಟು ಬಂದು ಮಾವನ ಪಕ್ಕ ಕೂತರು. "ಬಾಣಂತಿ ಊಟ ಅಂತೀಯಲ್ಲಯ್ಯಾ, ನಾನು ಬಾಣಂತಿಯಾಗಿದ್ದಾಗ ಕಯಿ ಅಂತ ತಿನ್ನದೆ ಕುಂತ್ರೆ ನಿಮ್ಮವ್ವನ ಕಣ್ತಪ್ಸಿ ಮೊದ್ಲು ನುಂಗಿ ತೋರ್ಸಿದ್ದು ಯಾರು? ಮರ್ತೋಯ್ತಾ?"

ಗಂಡ ಉಂಡ ಮೇಲೆಯೇ ಉಣ್ಣುವ ಅತ್ತೆ, ಅವರ ತಟ್ಟೆಯಿಂದಲೇ ದೊಡ್ಡ ತುತ್ತು ಮುರಿದು ನುಂಗಿದರು. ಇನ್ನೊಂದಕ್ಕೂ ಕೈಹಾಕಿದರು.

ಮಾವ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಸಾಕು ಬುಡು, ನನ್ ಪಾಲ್ನೂ ತಿಂದ್ಬುಟ್ಟೀಯೆ" ಅಂದವರು, ನನ್ನ ಕಡೆ ನೋಡದೆಯೇ ಹೇಳಿದರು: "ಉಪ್ಸಾರು ಬುಡಮ್ಮ. ನಾಳೆಯಿಂದ ಹೇಳ್ಬುಟ್ಟು ಆಕು."