ಟೀವ್ಯಾಗಿನ ಡಾಕ್ಟರ್ ಸಾಬ್ರು

ಬೀದರಿನ ನಮ್ಮ ಓಣಿಯಲ್ಲಿದ್ದ ಆ ನಟ ತೀರಿಕೊಂಡು ವರ್ಷವಾಯಿತು. ಸಿನಿಮಾಗಳಲ್ಲಿ ಕುಡುಕ, ಗೌಡ, ಪೊಲೀಸ್ ಎಲ್ಲ ಆಗಿದ್ದರು. ನನಗೆ ಇಷ್ಟವಾದದ್ದು ಧಾರಾವಾಹಿಯೊಂದರ ಡಾಕ್ಟರ್ ಪಾತ್ರ. ಕನ್ನಡಕ ಹಣೆಗೇರಿಸಿ, ನಮ್ಮ ಕಡೆಯ ಮಾತಿನಲ್ಲೇ, "ಘಾಬರಿ ಆಗಬ್ಯಾಡ್ರಿ, ನಾ ಅದೀನಿ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರೂ ನಾನೂ ಭಾಲ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಮುಂದಿನ ಸೀಟಿನ ಮುದುಕ ಎದೆ ಹಿಡಿದುಕೊಂಡು ವಾಲಿದ. ಅವನ ಹೆಂಡತಿ ಗಾಬರಿಯಿಂದ ಹಿಂದೆ ತಿರುಗಿದವಳು ಇವರನ್ನು ಕಂಡಳು.

"ಟೀವ್ಯಾಗಿನ ಡಾಕ್ಟರ್ ಸಾಬ್ರು! ಉಳಸ್ರಿ ಯಪ್ಪಾ!"

"ನಾ ಡಾಕ್ಟರ್ ಅಲ್ಲ ಅವ್ವಾ, ಬರೇ ಪಾರ್ಟ್ ಮಾಡ್ತೇನಿ."

"ಹಾಂಗ ಅನಬ್ಯಾಡ್ರಿ! ನೀವು ದಿನಾ ಮಂದೀನ ಉಳಸೂದು ನಾ ನೋಡೀನಿ!"

ಮುದುಕ ಸತ್ತರೆ ಇವಳಿಗೆ ಏನು ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ. ಅವರು ಬಸ್ಸನ್ನು ಸೀದಾ ದವಾಖಾನೆಗೆ ಹೊಡೆಯಲು ಡ್ರೈವರನಿಗೆ ಕೂಗಿ, ಮುದುಕನ ಪಕ್ಕ ಕುಳಿತು ಕೈ ಹಿಡಿದರು. ದಾರಿಯುದ್ದಕ್ಕೂ "ಘಾಬರಿ ಆಗಬ್ಯಾಡ್ರಿ, ನಾ ಅದೀನಿ" ಎನ್ನುತ್ತಲೇ ಇದ್ದರು. ದನಿ ಟೀವಿಯಲ್ಲಿದ್ದಂತೆಯೇ ಇತ್ತು, ಕಣ್ಣು ಮಾತ್ರ ದವಾಖಾನೆಯ ದಾರಿಯನ್ನೇ ನೋಡುತ್ತಿತ್ತು.

ಮುದುಕ ಉಳಿದ. ಆದರೆ ಆಮೇಲೆ ಅವರು ಡಾಕ್ಟರ್ ಪಾತ್ರ ಒಪ್ಪಲೇ ಇಲ್ಲ. ಯಾಕೆಂದು ಕೇಳಿದೆ.

"ಕಳ್ಳನ ಪಾರ್ಟ್ ಸಾಕ್ರಿ ಮಾಸ್ತರ್ರ," ಎಂದರು. "ಅವನ್ನ ಯಾರೂ ನಂಬಂಗಿಲ್ಲ."